ಕೇಕಿನ ಟ್ರೇಯಲ್ಲಿ ಅಂಜಲ್

ಮಾದರಿಗೆಂದು ಕೇಕ್ ಕೊಟ್ಟು ಬಂದಿದ್ದ ಮಣಿಪಾಲದ ಅಂಗಡಿಯಿಂದ ಫೋನ್ ಬಂದಾಗ ನಾನು ಬಾವಿಯ ಬಳಿ ಬಟ್ಟೆ ಒಗೆಯುತ್ತಿದ್ದೆ. ಸಾಬೂನಿನ ಕೈಯಲ್ಲೇ ಫೋನ್ ಹಿಡಿದೆ. ಅದು ಜಾರಿ ಬಕೆಟ್ಟಿಗೆ ಬೀಳುವುದೊಂದು ಬಾಕಿ. "ನಿಮ್ಮ ಬಾಳೆಹಣ್ಣಿನ ಕೇಕ್ ತಿಂದು ನೋಡಿದೆವು. ವಾರಕ್ಕೆ ಮೂವತ್ತು ಬೇಕು, ಕೊಡಲಿಕ್ಕೆ ಆಗ್ತದಾ?" ಎಂದು ಅಂಗಡಿ ನಡೆಸುವ ಹೆಂಗಸು ಕೇಳಿದರು. ಆಗ್ತದೆ, ಆಗ್ತದೆ ಎಂದು ಮೂರು ಸಲವಾದರೂ ಹೇಳಿರಬೇಕು ನಾನು. ಆಮೇಲೆ ಅವರು ನಿಧಾನಕ್ಕೆ ಇನ್ನೊಂದು ಮಾತು ಹೇಳಿದರು. "ಆದರೆ ಪ್ಯಾಕೆಟ್ಟಿನ ಮೇಲೆ ಆಹಾರ ಸುರಕ್ಷತೆಯ ನಂಬರ್ ಇರಬೇಕು. ನಂಬರ್ ಇಲ್ಲದ್ದನ್ನು ನಾವು ಇಡುವ ಹಾಗಿಲ್ಲ. ಒಂದು ತಿಂಗಳು ಕಾಯ್ತೇವೆ, ಆಯ್ತಾ?"

ಅಂದು ಬಟ್ಟೆ ಅರ್ಧಕ್ಕೇ ನಿಂತಿತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನನ್ನ ತವರು ಕಾರ್ಕಳ. ಅಲ್ಲಿ ಅಮ್ಮ ಬೇಕರಿಯೊಂದರಲ್ಲಿ ರಸ್ಕ್ ಪ್ಯಾಕ್ ಮಾಡುವ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಮನೆಗೆ ಬಂದಾಗ ಅವಳ ಸೀರೆಯಿಂದ ಬರುತ್ತಿದ್ದ ಪರಿಮಳಕ್ಕೆ ನಾನು ಅವಳ ಮಡಿಲು ಬಿಟ್ಟು ಏಳುತ್ತಿರಲಿಲ್ಲ. ಮದುವೆಯಾಗಿ ಬಂದದ್ದು ಕಾಪುವಿಗೆ, ಕಡಲಿಗೆ ಐದು ನಿಮಿಷದ ದಾರಿಯ ಮನೆಗೆ. ಗಂಡ ಮಲ್ಪೆಯ ಬೋಟಿನಲ್ಲಿ ಮೀನಿಗೆ ಹೋಗುವವನು; ಹೋದರೆ ಎಂಟು ಹತ್ತು ದಿನ ಇಲ್ಲ. ಅತ್ತೆ, ನಮ್ಮ ತುಳುವಿನಲ್ಲಿ ಮಾಮಿ, ಮೂವತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಪಡುಬಿದ್ರಿಯವರೆಗೂ ಮೀನು ಮಾರಿದವರು. ಮೊಣಗಂಟು ಕೈಕೊಟ್ಟ ಮೇಲೆ ಬುಟ್ಟಿ ಇಳಿಸಿದರು. ಬುಟ್ಟಿ ಮಾತ್ರ ಇಳಿಯಿತು, ಜೋರು ಇಳಿಯಲಿಲ್ಲ.

ಈ ಮನೆಯ ಅಡುಗೆಮನೆಯ ಮೂಲೆಯಲ್ಲಿ ನನ್ನ ಓವನ್ ಇತ್ತು. ಅದರಲ್ಲಿ ನಾನು ಮೊಟ್ಟೆ ಹಾಕದ ಬಾಳೆಹಣ್ಣಿನ ಕೇಕ್ ಮಾಡುತ್ತಿದ್ದೆ. ಮೊಟ್ಟೆ ಇಲ್ಲದ್ದರಿಂದಲೇ ಸಿಕ್ಕಿದ ನನ್ನ ಮೊದಲ ಗಿರಾಕಿ ಉಡುಪಿಯ ಒಬ್ಬ ನಿವೃತ್ತ ಟೀಚರ್. ಮಠಗಳ ಹಿಂದಿನ ಓಣಿಯಲ್ಲಿ ಅಕ್ಕನ ಜೊತೆ ಇರುವವರು. ಮನೆ ತಿಂಡಿಗಳ ಒಂದು ಮಾರಾಟ ಮೇಳದಲ್ಲಿ ನನ್ನ ಮೇಜಿನ ಮುಂದೆ ನಿಂತು, "ಮೊಟ್ಟೆ ಉಂಟಾ ಇದರಲ್ಲಿ?" ಎಂದು ಕೇಳಿದರು. "ಇಲ್ಲ ಟೀಚರೇ," ಎಂದೆ. ಒಂದು ಕೊಂಡರು. ಮುಂದಿನ ವಾರ ಮೂರು. ಆಮೇಲೆ ಆ ಓಣಿಯ ಏಳೆಂಟು ಮನೆಗಳಿಗೆ ಅವರೇ ಹೇಳಿ ಕೊಡಿಸಿದರು. ಪ್ರತಿ ಶನಿವಾರ ನಾನು ಬಸ್ಸಿನಲ್ಲಿ ಹೋಗಿ ಅವರ ಜಗಲಿಯಲ್ಲಿ ಎಲ್ಲರ ಕೇಕನ್ನೂ ಇಟ್ಟು ಬರುತ್ತಿದ್ದೆ. ಮೊಟ್ಟೆಯೊಂದನ್ನು ಬಿಟ್ಟು ಅವರು ನನ್ನನ್ನು ಬೇರೇನೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ನಂಬರ್ ಎಂದರೆ ದೊಡ್ಡ ಪರ್ವತ ಎಂದುಕೊಂಡಿದ್ದೆ. ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಕುಳಿತು ಕೇಳಿದರೆ ಅಷ್ಟೇನೂ ಇಲ್ಲ. ನಮ್ಮಂಥ ಸಣ್ಣವರಿಗೆ ಲೈಸೆನ್ಸ್ ಅಲ್ಲ, ನೋಂದಣಿ ಸಾಕಂತೆ. ಫೋಟೋ, ಗುರುತಿನ ಚೀಟಿ, ಮನೆಯ ವಿಳಾಸದ ದಾಖಲೆ, ಏನು ಮಾಡುತ್ತೇನೆಂಬ ವಿವರ. ಅಧಿಕಾರಿಗಳು ಬಂದು ನೋಡಿದರೂ ನೋಡಬಹುದು, ನೋಡದೆಯೂ ಇರಬಹುದು. ನೀರಿನ ವರದಿ ಇದ್ದರೆ ಒಳ್ಳೆಯದೆಂದರು. ನಾನು ಅಂದೇ ತಂಪು ಪಾನೀಯದ ಖಾಲಿ ಬಾಟಲಿ ತೊಳೆದು, ಬಾವಿಯ ನೀರು ತುಂಬಿಸಿ ಉಡುಪಿಯ ಪ್ರಯೋಗಾಲಯಕ್ಕೆ ಓಡಿದೆ. ಅಲ್ಲಿಯವರು ಬಾಟಲಿ ನೋಡಿ ನಕ್ಕರು. ಅವರೇ ಕುದಿಸಿ ಮುಚ್ಚಿದ ಬಾಟಲಿ ಕೊಡುತ್ತಾರಂತೆ, ಅದರಲ್ಲೇ ಹಿಡಿಯಬೇಕಂತೆ, ಬೇಗ ತಂದು ಮುಟ್ಟಿಸಬೇಕಂತೆ. ಮರುದಿನ ಮತ್ತೆ ಓಡಿದೆ. ನೀರು ಕುಡಿಯಲು ಯೋಗ್ಯ ಎಂಬ ಕಾಗದ ಕೈಗೆ ಬಂದಾಗ ಪರೀಕ್ಷೆ ಪಾಸಾದದ್ದು ನಾನೇ ಎಂಬಷ್ಟು ಖುಷಿಯಾಯಿತು.

ಆಮೇಲೆ ಲೇಬಲ್ಲಿನ ಹುಚ್ಚು ಹಿಡಿಯಿತು. ಪ್ಯಾಕೆಟ್ಟಿನ ಮೇಲೆ ಏನೇನು ಬರೆಯಬೇಕು ಎಂಬುದನ್ನು ಶಾಲೆಗೆ ಹೋಗುವ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಗೀಚಿ ಗೀಚಿ ಪುಟ ತುಂಬಿಸಿದೆ. ಯಾವುದು ಹೆಚ್ಚು ಹಾಕಿದ್ದೇವೋ ಅದರ ಹೆಸರು ಮೊದಲು. ನನ್ನ ಕೇಕಿನಲ್ಲಿ ಗೋಧಿಹಿಟ್ಟು, ಆಮೇಲೆ ಬಾಳೆಹಣ್ಣು, ಬೆಲ್ಲ, ಬೆಣ್ಣೆ, ಮೊಸರು, ಗೋಡಂಬಿ. ಕೆಲವರ ಮೈಗೆ ಒಗ್ಗದ ಗೋಧಿ, ಹಾಲು, ಗೋಡಂಬಿಯನ್ನು ಮತ್ತೊಮ್ಮೆ ಬೇರೆಯಾಗಿ ಹೇಳಬೇಕು. ತೂಕ, ವಿಳಾಸ, ಮಾಡಿದ ದಿನ, ಯಾವ ದಿನದೊಳಗೆ ತಿನ್ನಬೇಕು ಎಂಬುದು. ಮತ್ತೆ ಚೌಕದೊಳಗೆ ಹಸಿರು ಚುಕ್ಕೆ, ಸಸ್ಯಾಹಾರದ ಗುರುತು. ಆ ಚುಕ್ಕೆಯನ್ನು ನಾನು ಎಷ್ಟು ಪ್ರೀತಿಯಿಂದ ಬರೆದೆನೆಂದರೆ ಮಗಳ ಹಸಿರು ಸ್ಕೆಚ್ ಪೆನ್ ಒಣಗಿಹೋಯಿತು.

ಮಾಮಿಗೆ ಇದೆಲ್ಲ ನಗೆಪಾಟಲು. "ನಾನು ಮೂವತ್ತು ವರ್ಷ ಮೀನು ಮಾರಿದೆ, ಯಾವ ಮೀನಿನ ಬೆನ್ನಿಗೆ ಚೀಟಿ ಅಂಟಿಸಿದ್ದೆ? ಕಿವಿರು ಎತ್ತಿ ತೋರಿಸಿದ್ರೆ ಮುಗೀತು. ನಿನ್ನೆಯದ್ದಾದ್ರೆ ನಿನ್ನೆಯದ್ದು ಅಂತ ಬಾಯಲ್ಲೇ ಹೇಳ್ತಿದ್ದೆ."

"ಮಾಮಿ, ಕೇಕಿಗೆ ಕಿವಿರು ಇಲ್ಲ ಅಲ್ವಾ?" ಎಂದೆ.

ಆ ಮಾತು ಅವರಿಗೆ ಎಲ್ಲೋ ತಾಗಿತು. ಕೇಕ್ ಎಷ್ಟು ದಿನ ಇರುತ್ತದೆಂದು ತಿಳಿಯಲು ನಾನು ಒಂದೇ ದಿನ ಮಾಡಿದ ಆರು ತುಂಡುಗಳನ್ನು ಕಪಾಟಿನಲ್ಲಿ ಇಟ್ಟಿದ್ದೆ. ಮಾಮಿ ಹೇಳದೆ ಕೇಳದೆ ಆ ಕೆಲಸ ತಾವೇ ವಹಿಸಿಕೊಂಡರು. ದಿನವೂ ಬೆಳಿಗ್ಗೆ ಒಂದು ತುಂಡು ಎತ್ತಿ, ಮೀನಿನದ್ದರ ಹಾಗೆ ಅದರ ಹೊಟ್ಟೆ ಒತ್ತಿ, ಮೂಗಿನ ಬಳಿ ಹಿಡಿದು, ಕಣ್ಣು ಮುಚ್ಚಿ ಉಸಿರು ಎಳೆಯುತ್ತಿದ್ದರು. ನಾಲ್ಕನೆಯ ದಿನ, "ಇದು ಸಂಜೆಗೆ ಹಾಳಾಗ್ತದೆ," ಎಂದರು. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ, ಮೂಗಿಗೂ ಸಿಗಲಿಲ್ಲ. ಮರುದಿನ ನೋಡಿದರೆ ಅಂಚಿನಲ್ಲಿ ಬಿಳಿ ಬೂಸು. ಲೇಬಲ್ಲಿನಲ್ಲಿ ಮೂರು ದಿನ ಎಂದು ಬರೆದೆ.

ಅರ್ಜಿ ಹಾಕಿ ಹತ್ತು ದಿನಕ್ಕೆ ಅಧಿಕಾರಿಯ ಫೋನ್ ಬಂತು. ಹೆಣ್ಣು ದನಿ. ನಾಳೆ ಹತ್ತು ಗಂಟೆಗೆ ಬಂದು ಜಾಗ ನೋಡುತ್ತೇನೆ ಎಂದರು. ಸಂಜೆಯವರೆಗೆ ಅಡುಗೆಮನೆಯ ಗೋಡೆ ತಿಕ್ಕಿದೆ, ಡಬ್ಬಿಗಳ ಮೇಲೆ ಹೆಸರು ಅಂಟಿಸಿದೆ, ಓವನ್ನಿನ ಒಳಗೆ ತಲೆ ತೂರಿಸಿ ಒರೆಸಿದೆ. ಟ್ರೇಯನ್ನು ಬಿಸಿನೀರಿನಲ್ಲಿ ತೊಳೆದು ಬಿಳಿ ಬಟ್ಟೆ ಮುಚ್ಚಿ ಇಟ್ಟೆ. ಮಾಮಿ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು, "ದೊಡ್ಡ ಆಫೀಸರಾ?" ಎಂದು ಮಾತ್ರ ಕೇಳಿದರು. "ನಮ್ಮ ಕೇಕಿನ ಹಣೆಬರಹ ಅವರ ಕೈಯಲ್ಲಿ ಉಂಟು," ಎಂದೆ. ಆ ಮಾತು ಆಡಬಾರದಿತ್ತು.

ಮರುದಿನ ಬೆಳಿಗ್ಗೆ ತಲೆಗೆ ಹಾಕುವ ನೆಟ್ ಟೊಪ್ಪಿ ಮತ್ತು ಗ್ಲೌಸ್ ತರಲು ಪೇಟೆಗೆ ಹೋದೆ. ಒಂಬತ್ತೂವರೆಗೆ ತಿರುಗಿ ಬಂದರೆ ಗೇಟಿನ ಹತ್ತಿರವೇ ಘಮ್ಮೆಂದು ಮೀನು ಹುರಿಯುವ ವಾಸನೆ. ಪಕ್ಕದ ಮನೆಯದ್ದಿರಲಿ ದೇವರೇ ಎಂದುಕೊಂಡು ಒಳಗೆ ಓಡಿದೆ. ಪಕ್ಕದ ಮನೆಯದ್ದಲ್ಲ. ಒಲೆಯ ಮೇಲೆ ಕಾವಲಿ, ಕಾವಲಿಯಲ್ಲಿ ಅಂಗೈ ಅಗಲದ ಅಂಜಲ್ ಮೀನಿನ ತುಂಡುಗಳು, ಚಟಪಟ ಎಂದು ಹಾರುವ ತೆಂಗಿನೆಣ್ಣೆ. ಅದರ ಪಕ್ಕದಲ್ಲಿ ನನ್ನ ಕೇಕಿನ ಟ್ರೇ. ಅದರ ತುಂಬ ಕೆಂಪು ಮಸಾಲೆ ಮೆತ್ತಿದ ಇನ್ನಷ್ಟು ತುಂಡುಗಳು ಸಾಲಾಗಿ ಮಲಗಿದ್ದವು.

"ಮಾಮೀ!" ಎಂದು ನಾನು ಕಿರುಚಿದ್ದು ಕಡಲಿಗೂ ಕೇಳಿರಬೇಕು.

"ಎಂತ ಬೊಬ್ಬೆ ಮಾರಾಯ್ತಿ? ಆಫೀಸರು ಬರುದಲ್ವಾ, ಬರೀ ಹೊಟ್ಟೆಯಲ್ಲಿ ಕಳಿಸುದಾ? ಬೆಳಿಗ್ಗೆ ಐದು ಗಂಟೆಗೆ ಹೋಗಿ ತಂದದ್ದು. ಇಷ್ಟು ಒಳ್ಳೆ ಅಂಜಲ್ ಈ ತಿಂಗಳು ಬರಲೇ ಇಲ್ಲ."

"ಆ ಟ್ರೇ ಯಾಕೆ ತೆಗೆದ್ರಿ?"

"ಅಗಲ ಉಂಟು, ಅದಕ್ಕೆ. ತಟ್ಟೆಯಲ್ಲಿ ಇಟ್ರೆ ಒಂದರ ಮೇಲೆ ಒಂದು ಬಿದ್ದು ಮಸಾಲೆ ಹಿಡಿಯುದಿಲ್ಲ."

ನಮ್ಮ ಕಡಲ ಬದಿಯ ಮನೆಗಳಲ್ಲಿ ಮಾತ್ರ ಆಗುವ ತಪ್ಪು ಅದು. ಬೇರೆಲ್ಲಾದರೂ ಅಧಿಕಾರಿ ಬರುತ್ತಾರೆಂದರೆ ಹೆದರುತ್ತಾರೆ, ಮುಚ್ಚಿಡುತ್ತಾರೆ. ನಮ್ಮಲ್ಲಿ ಮನೆಗೆ ಬಂದವರಿಗೆ ಒಳ್ಳೆಯ ಮೀನು ಬಡಿಸದೆ ಕಳಿಸಿದರೆ ಮರ್ಯಾದೆ ಹೋಯಿತು. ಮಾಮಿ ತಮಗೆ ತಿಳಿದ ಅತಿ ದೊಡ್ಡ ಗೌರವವನ್ನೇ ಸಿದ್ಧಮಾಡಿದ್ದರು. ಇದು ನನಗೆ ಹೊಳೆದದ್ದು ಬಹಳ ದಿನಗಳ ಮೇಲೆ. ಆಗ ಹೊಳೆದದ್ದು ಒಂದೇ, ಆ ಕಾವಲಿಯನ್ನು ಎತ್ತಿ ಬಾವಿಗೆ ಹಾಕಬೇಕು ಎಂಬುದು. ಅಷ್ಟರಲ್ಲಿ ಗೇಟಿನಲ್ಲಿ ಸ್ಕೂಟರ್ ನಿಂತ ಸದ್ದಾಯಿತು.

ಅಧಿಕಾರಿ ನನಗಿಂತ ಚಿಕ್ಕವರು. ಹೆಗಲಿಗೊಂದು ಚೀಲ, ಕೈಯಲ್ಲಿ ಫೈಲು. ಒಳಗೆ ಬಂದವರೇ ಮೂಗು ಮುಚ್ಚಿಕೊಳ್ಳಲಿಲ್ಲ, ಅದಕ್ಕೆ ಈಗಲೂ ಅವರ ಮೇಲೆ ನನಗೆ ಗೌರವ. ಒಂದೊಂದಾಗಿ ನೋಡಿದರು. ಹಿಟ್ಟಿನ ಡಬ್ಬಿಗೆ ಮುಚ್ಚಳ ಉಂಟಾ, ಕಸದ ಬುಟ್ಟಿಗೆ ಮುಚ್ಚಳ ಉಂಟಾ, ಕಿಟಕಿಗೆ ನೊಣ ಬಾರದ ಬಲೆ ಉಂಟಾ, ಬೆಣ್ಣೆಯ ಪೊಟ್ಟಣದ ಮೇಲೆ ದಿನಾಂಕ ಯಾವುದು, ಕೈ ತೊಳೆಯಲು ಎಲ್ಲಿ ಸಾಬೂನು. ನೀರಿನ ವರದಿ ನೋಡಿ ತಲೆಯಾಡಿಸಿದರು. ನನ್ನ ಲೇಬಲ್ ತಿರುಗಿಸಿ ತಿರುಗಿಸಿ ಓದಿ, "ಚೆನ್ನಾಗಿ ಮಾಡಿದ್ದೀರಿ," ಎಂದರು. ನನ್ನ ಎದೆ ಉಬ್ಬಿತು. ಆಮೇಲೆ ಅವರ ಕಣ್ಣು ಟ್ರೇಯ ಮೇಲೆ ನಿಂತಿತು.

"ಇದು ಕೇಕ್ ಮಾಡುವ ಟ್ರೇಯಾ?"

"ಅಲ್ಲ ಮೇಡಂ," ಎಂದುಬಿಟ್ಟೆ. "ಇದು ಹಳೇದು. ಮೀನಿಗೇ ಇಟ್ಟದ್ದು."

ಸುಳ್ಳು ಅಷ್ಟು ಸಲೀಸಾಗಿ ಬಾಯಿಗೆ ಬಂತು. ವಾರಕ್ಕೆ ಮೂವತ್ತು ಕೇಕ್ ನನ್ನ ಕಣ್ಣ ಮುಂದೆ ಇತ್ತು, ಬೇರೇನೂ ಇರಲಿಲ್ಲ. ಆದರೆ ಮಾಮಿ ಅಲ್ಲೇ ಇದ್ದರಲ್ಲ. ಸಟ್ಟುಗ ಕೆಳಗಿಟ್ಟು ನನ್ನ ಕಡೆ ತಿರುಗಿದರು. ಆ ನೋಟವನ್ನು ಬುಟ್ಟಿಯ ಮುಂದೆ ಚೌಕಾಸಿ ಮಾಡುವವರಿಗೆ ಕೊಡುತ್ತಿದ್ದರಂತೆ, ನಾನು ಅಂದೇ ಮೊದಲು ನೋಡಿದ್ದು.

"ಸುಳ್ಳು ಯಾಕೆ ಹೇಳುದು? ಮೇಡಂ, ಅದು ಇವಳ ಕೇಕಿನ ಟ್ರೇಯೇ. ಇವಳು ತೊಳೆದು ಬಟ್ಟೆ ಮುಚ್ಚಿ ಇಟ್ಟಿದ್ದಳು. ನಾನು ತೆಗೆದದ್ದು. ತಪ್ಪು ಇದ್ರೆ ನನ್ನದು."

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮಾಮಿಯ ಮೇಲೆ ಸಿಟ್ಟು, ಅದಕ್ಕಿಂತ ಹೆಚ್ಚು ನನ್ನ ಮೇಲೆ ನಾಚಿಕೆ. ಅಧಿಕಾರಿ ಬೈಯಲಿಲ್ಲ. ಕುರ್ಚಿ ಎಳೆದು ಕುಳಿತು ನಿಧಾನಕ್ಕೆ ಹೇಳಿದರು. ಮನೆಯಲ್ಲಿ ಮೀನು ಬೇಯಿಸುವುದು ಅಪರಾಧವಲ್ಲ. ಹಸಿರು ಗುರುತು ಕೇಕಿನೊಳಗೆ ಏನು ಹಾಕಿದ್ದೀರಿ ಎಂಬುದರ ಮೇಲೆ. ಆದರೆ ಅದೇ ಟ್ರೇ, ಅದೇ ಚಾಕು, ಅದೇ ಒರೆಸುವ ಬಟ್ಟೆ ಎರಡಕ್ಕೂ ಬಳಸಿದರೆ ಆ ಗುರುತಿಗೆ ಬೆಲೆ ಇಲ್ಲ. ಮೀನು ಒಗ್ಗದವರೂ ಇರುತ್ತಾರೆ. ಪಾತ್ರೆ ಬೇರೆ ಇರಲಿ, ಸಾಧ್ಯವಾದರೆ ಜಾಗವೂ ಬೇರೆ ಇರಲಿ. ಎರಡು ವಾರದೊಳಗೆ ಸರಿಮಾಡಿ ಫೋಟೋ ಕಳಿಸಿ, ಅಲ್ಲಿಯವರೆಗೆ ನಂಬರ್ ಇಲ್ಲ ಎಂದರು.

ಮಾಮಿ ಊಟದ ತಟ್ಟೆ ಇಟ್ಟರು. "ಡ್ಯೂಟಿಯಲ್ಲಿ ತಿನ್ನುವ ಹಾಗಿಲ್ಲ ಅಮ್ಮ, ಬೇಸರ ಮಾಡಬೇಡಿ," ಎಂದು ಅಧಿಕಾರಿ ಒಂದು ಲೋಟ ನೀರು ಮಾತ್ರ ಕುಡಿದರು. ಸ್ಕೂಟರ್ ಹತ್ತುವ ಮೊದಲು ನನ್ನನ್ನು ಹತ್ತಿರ ಕರೆದರು. "ನಿಮ್ಮ ಗಿರಾಕಿಗಳಿಗೆ ಇದು ಮೀನು ಮಾಡುವ ಮನೆ ಅಂತ ಗೊತ್ತುಂಟಾ?"

ಉತ್ತರಕ್ಕೆ ಕಾಯದೆ ಸ್ಕೂಟರ್ ಹೊರಡಿಸಿದರು.

ಅಂದು ಮಧ್ಯಾಹ್ನ ನಾನು ಮಾಮಿಯ ಜೊತೆ ಮಾತಾಡಲಿಲ್ಲ, ಮುಖ ಊದಿಸಿಕೊಂಡು ಓವನ್ನಿನ ಮುಂದೆ ಕುಳಿತೆ. ಸಂಜೆ ಅಂಗಳದಲ್ಲಿ ಏನೋ ಎಳೆದಾಡುವ ಸದ್ದು. ಹೋಗಿ ನೋಡಿದರೆ ಮಾಮಿ ಮನೆಯ ಹಿಂದಿನ ತಮ್ಮ ಕೋಣೆಯನ್ನು ಖಾಲಿ ಮಾಡುತ್ತಿದ್ದರು. ಬುಟ್ಟಿ, ತಕ್ಕಡಿ, ಐಸಿನ ಪೆಟ್ಟಿಗೆ ಇಡುವ ಹಂಚಿನ ಮಾಡಿನ ಸಣ್ಣ ಕೋಣೆ ಅದು. ಬುಟ್ಟಿ ಇಳಿಸಿದ ಮೇಲೂ ಅದಕ್ಕೆ ಬೀಗ ಹಾಕಿ ಕೀಲಿಯನ್ನು ಸೊಂಟದಲ್ಲಿ ಇಟ್ಟುಕೊಂಡವರು.

"ನನ್ನ ಮೀನು ಅಡುಗೆಮನೆ ಬಿಟ್ಟು ಹೋಗುದಿಲ್ಲ," ಎಂದರು, ನನ್ನ ಮುಖ ನೋಡದೆ. "ನಿನ್ನ ಕೇಕ್ ಇಲ್ಲಿಗೆ ಬರಲಿ."

ಆಮೇಲಿನ ಒಂಬತ್ತು ದಿನ ನಮ್ಮ ಮನೆಯಲ್ಲಿ ಮದುವೆಯ ಗಡಿಬಿಡಿ. ವೈರಿಂಗಿನವನು ಬಂದ. ನೆಲಕ್ಕೆ ಟೈಲ್ಸ್ ಬಿತ್ತು. ನಲ್ಲಿ ಎಳೆದದ್ದಾಯಿತು. ಬೋಟಿನಿಂದ ಬಂದ ಗಂಡ ಎರಡು ದಿನದ ವಿರಾಮದಲ್ಲಿ ಕಿಟಕಿಗೆ ಬಲೆ ಬಿಗಿದ. ಬಲೆ ಹೊಲಿದು ಪಳಗಿದ ಕೈ, ಒಂದು ಸೊಳ್ಳೆಗೂ ದಾರಿ ಬಿಡಲಿಲ್ಲ. ಆದರೆ ಮೂವತ್ತು ವರ್ಷದ ಮೀನಿನ ವಾಸನೆ ಗೋಡೆಯಲ್ಲಿ ಕುಳಿತಿತ್ತು. ಅದನ್ನು ಹೊರಡಿಸಿದ್ದು ಮಾಮಿ. ಹುಣಸೆಹುಳಿ, ಬೂದಿ, ತೆಂಗಿನ ನಾರು ಹಿಡಿದು ದಿನಕ್ಕೊಂದು ಗೋಡೆ ತಿಕ್ಕಿದರು. ಮೊಣಗಂಟಿನ ನೋವಿಗೆ ಸ್ಟೂಲಿನ ಮೇಲೆ ಕುಳಿತೇ ತಿಕ್ಕಿದರು. ನಾನು ಸುಣ್ಣ ಬಳಿದೆ. ಕೊನೆಯ ದಿನ ಅವರು ನಾಲ್ಕು ಮೂಲೆಗೂ ಹೋಗಿ, ಬಾಗಿ, ಕಣ್ಣು ಮುಚ್ಚಿ ಮೂಗಿನಲ್ಲಿ ಎಳೆದರು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ.

"ಇಲ್ಲ," ಎಂದರು. "ಹೋಗಿದೆ."

ಹಾಗೆಂದು ಹೊಸಿಲು ದಾಟಿ ಹೊರಗೆ ಬಂದವರು ಮತ್ತೆ ಒಳಗೆ ಕಾಲಿಡಲಿಲ್ಲ. "ನಂದು ಮೀನಿನ ಕೈ. ನಾನು ಇಲ್ಲೇ," ಎಂದು ಹೊರಗಿನ ಕಲ್ಲಿನ ಮೇಲೆ ಕುಳಿತರು. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಉಡುಪಿಯ ಮನೆಗಳಲ್ಲಿ ಮೀನು ಮಾರುವವಳನ್ನು ಅಂಗಳದ ಆಚೆಗೇ ನಿಲ್ಲಿಸುತ್ತಿದ್ದ ಕಾಲವನ್ನು ಮಾಮಿ ಕಂಡವರು. ಈಗ ತಾವೇ ತೊಳೆದ ಕೋಣೆಯ ಹೊರಗೆ ತಾವೇ ಗೆರೆ ಹಾಕಿಕೊಂಡು ಕುಳಿತದ್ದು ನನಗೆ ನೋಡಲಾಗಲಿಲ್ಲ. ಅವರಿಗೆ ಮಾತ್ರ ಅದರಲ್ಲಿ ಒಂದು ಗತ್ತು ಇತ್ತು.

ಫೋಟೋ ಕಳಿಸಿದ ನಾಲ್ಕನೆಯ ದಿನ ನಂಬರ್ ಬಂತು. ಹದಿನಾಲ್ಕು ಅಂಕಿ! ಫೋನ್ ಹಿಡಿದು ಅಂಗಳದಲ್ಲಿ ಕುಣಿದೆ ಎಂದರೆ ಉತ್ಪ್ರೇಕ್ಷೆಯಲ್ಲ, ನಿಜಕ್ಕೂ ಕುಣಿದೆ. ಮಗಳಿಗೆ ಓದಿ ಹೇಳಿದೆ, ಬೋಟಿನಲ್ಲಿದ್ದ ಗಂಡನಿಗೆ ಸಿಗ್ನಲ್ ಸಿಗದಿದ್ದರೂ ಮೆಸೇಜ್ ಹಾಕಿದೆ, ಕಾರ್ಕಳಕ್ಕೆ ಫೋನ್ ಮಾಡಿ ಅಮ್ಮನಿಗೆ ಹದಿನಾಲ್ಕನ್ನೂ ಒಂದೊಂದಾಗಿ ಹೇಳಿದೆ. ಅವಳು ಇನ್ನೊಮ್ಮೆ ಹೇಳು ಎಂದಳು. ರಸ್ಕಿನ ಸಾವಿರಾರು ಪೊಟ್ಟಣಗಳ ಮೇಲೆ ಬೇರೆಯವರ ಹೆಸರು ಅಂಟಿಸಿದವಳು ಅವಳು.

ಲೇಬಲ್ ಅಚ್ಚಿಗೆ ಕೊಡಬೇಕು. ಪ್ರಿಂಟಿನ ಅಂಗಡಿಯವರೆಗೆ ಹೋದೆ, ಆದರೆ ಆ ಹಸಿರು ಚುಕ್ಕೆ ನೋಡಿದಾಗಲೆಲ್ಲ ಅಧಿಕಾರಿಯ ಪ್ರಶ್ನೆ ಎದುರು ನಿಂತಿತು. ಈಗ ಕೋಣೆ ಬೇರೆ, ಪಾತ್ರೆ ಬೇರೆ, ಎಲ್ಲ ಸರಿ. ಇಷ್ಟು ದಿನ? ಅದೇ ಅಡುಗೆಮನೆ, ಅದೇ ನಲ್ಲಿ. ಟೀಚರ್ ನಂಬಿ ಏಳೆಂಟು ಮನೆಗಳಿಗೆ ಕೊಡಿಸಿದ್ದಾರೆ. ಹೇಳಿದರೆ ಆ ಓಣಿ ನನಗೆ ಮುಚ್ಚುತ್ತದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನನಗೆ ಎಷ್ಟು ಸಿಟ್ಟು ಬಂತೆಂದರೆ, ಕೇಳದ ಪ್ರಶ್ನೆಗೆ ನಾನ್ಯಾಕೆ ಉತ್ತರಿಸಬೇಕು ಎಂದು ಬಸ್ಸಿನಲ್ಲಿ ಒಬ್ಬಳೇ ಗೊಣಗಿದೆ. ಗೊಣಗುತ್ತಲೇ ಇಳಿದದ್ದು ಉಡುಪಿಯಲ್ಲಿ.

ಟೀಚರ್ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ನಿಂತೇ ಎಲ್ಲ ಹೇಳಿದೆ. ಕುಳಿತರೆ ಧೈರ್ಯ ಸಾಲದು ಎಂದು ಗೊತ್ತಿತ್ತು. ಮೊಟ್ಟೆ ಯಾವತ್ತೂ ಹಾಕಿಲ್ಲ, ಆದರೆ ನಮ್ಮದು ಮೀನಿನ ಮನೆ, ಇಷ್ಟು ದಿನ ಒಂದೇ ಅಡುಗೆಮನೆ, ಈಗ ಬೇರೆ ಮಾಡಿದ್ದೇವೆ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಬಹಳ ಹೊತ್ತು ಒರೆಸಿದರು.

"ಅಕ್ಕನಿಗೆ ಹೇಳಬೇಕು. ಉಳಿದವರಿಗೂ ಹೇಳಬೇಕು," ಎಂದರು. "ಈ ಶನಿವಾರ ಬೇಡ."

ಆ ಶನಿವಾರ ಬೇಡ, ಅದರ ಮುಂದಿನದ್ದೂ ಬೇಡ. ಓಣಿಯ ಒಂದು ಮನೆಯಿಂದಲೂ ಫೋನಿಲ್ಲ. ನಾನು ಲೇಬಲ್ಲಿನಲ್ಲಿ ಹಸಿರು ಚುಕ್ಕೆಯ ಕೆಳಗೆ ಒಂದು ಸಾಲು ಸೇರಿಸಿದೆ: ಮೀನು ಬೇಯಿಸುವ ಮನೆಯ ಪ್ರತ್ಯೇಕ ಕೋಣೆಯಲ್ಲಿ, ಪ್ರತ್ಯೇಕ ಪಾತ್ರೆಗಳಲ್ಲಿ ಮಾಡಿದ್ದು. ಮಣಿಪಾಲಕ್ಕೆ ಮೊದಲ ಮೂವತ್ತು ತೆಗೆದುಕೊಂಡು ಹೋದಾಗ ಅಂಗಡಿಯ ಹೆಂಗಸು ಆ ಸಾಲಿನ ಮೇಲೆ ಬೆರಳಿಟ್ಟರು.

"ಇದು ಕಾನೂನಿನಲ್ಲಿ ಬೇಕಾ?"

"ಬೇಡ. ನನಗೆ ಬೇಕು."

ಅವರು ಹುಬ್ಬು ಏರಿಸಿ, ಕೇಕುಗಳನ್ನು ಕಪಾಟಿನಲ್ಲಿ ಜೋಡಿಸಿದರು. ಕೆಲವರು ಓದಿ ಹಿಂದಿಟ್ಟರಂತೆ, ಕೆಲವರು ಓದದೆ ತಿಂದರಂತೆ. ಎರಡು ದಿನದಲ್ಲಿ ಇಪ್ಪತ್ತೆಂಟು ಹೋಯಿತು. ನನಗೆ ಹಬ್ಬ. ಆದರೂ ಶನಿವಾರ ಬಂದರೆ ಉಡುಪಿಯ ಬಸ್ಸಿನ ಹೊತ್ತಿಗೆ ಮನಸ್ಸು ಮುದುಡುತ್ತಿತ್ತು, ಮಾಮಿಯ ಹತ್ತಿರ ಅದನ್ನೇ ಹೇಳಿ ಹೇಳಿ ಅವರ ತಲೆ ತಿಂದಿದ್ದೆ.

ಮೂರನೆಯ ಶನಿವಾರ ಬೆಳಿಗ್ಗೆ ನಾನು ಟೊಪ್ಪಿ, ಗ್ಲೌಸ್ ಹಾಕಿ ಕೋಣೆಯೊಳಗೆ ಟ್ರೇಯಿಂದ ಕೇಕ್ ಬಿಡಿಸುತ್ತಿದ್ದೆ. ಮಾಮಿ ಹೊರಗಿನ ಕಲ್ಲಿನ ಮೇಲೆ ಕುಳಿತು ಬೂತಾಯಿ ಮೀನಿನ ತಲೆ ಮುರಿಯುತ್ತಿದ್ದರು. ಗೇಟು ಸದ್ದಾಯಿತು. ಕಿಟಕಿಯ ಬಲೆಯಿಂದ ನೋಡಿದರೆ ಕೊಡೆ ಮಡಚುತ್ತ ನಿಂತಿದ್ದಾರೆ ಟೀಚರ್.

"ಕೇಕ್ ಮಾಡುವ ಮನೆ ಇದೇ ಅಲ್ವಾ? ಸ್ವಲ್ಪ ನೋಡಬೇಕಿತ್ತು," ಎನ್ನುತ್ತ ಅವರು ಕೋಣೆಯ ಬಾಗಿಲಿನ ಕಡೆ ನಡೆದರು.

"ಅಲ್ಲೇ ನಿಲ್ಲಿ!" ಎಂದರು ಮಾಮಿ. ಬೀದಿಯಲ್ಲಿ ಮೀನು ಕೂಗುತ್ತಿದ್ದ ದನಿಯದು. "ಕೈಕಾಲು ತೊಳೆಯದೆ ಒಳಗೆ ಹೋಗುವ ಹಾಗಿಲ್ಲ. ಚಪ್ಪಲಿ ಈಚೆ ಬಿಡಿ. ಅಲ್ಲಿ ನಲ್ಲಿ ಉಂಟು."

ಮಠದ ಓಣಿಯ ಟೀಚರಿಗೆ ಕೈಕಾಲು ತೊಳೆಯಲು ಹೇಳಿದ್ದಾರೆ, ಕೈಯಲ್ಲಿ ಬೂತಾಯಿ ಹಿಡಿದುಕೊಂಡು. ಮುಗಿಯಿತು ಕಥೆ ಎಂದುಕೊಂಡೆ. ಟೀಚರ್ ಒಂದು ಕ್ಷಣ ಮಾಮಿಯನ್ನೇ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಮೇಲೆತ್ತಿ, ನಲ್ಲಿಯ ಕೆಳಗೆ ಕಾಲು ತೊಳೆದರು. "ಸಾಬೂನು?" ಎಂದು ಕೇಳಿದರು. "ಅಲ್ಲೇ ಉಂಟು, ಗೋಡೆಯ ಮೇಲೆ," ಎಂದರು ಮಾಮಿ.

ನಾನು ಕೊಟ್ಟ ಟೊಪ್ಪಿಯನ್ನು ಬಿಳಿ ಕೂದಲಿನ ಮೇಲೆ ಎಳೆದುಕೊಂಡು ಟೀಚರ್ ಒಳಗೆ ಬಂದರು. ಗೋಡೆಗೆ ಅಂಟಿಸಿದ ನಿಯಮಗಳ ಹಾಳೆಯನ್ನು ಉತ್ತರಪತ್ರಿಕೆ ನೋಡುವವರ ಹಾಗೆ ಮೇಲಿನಿಂದ ಕೆಳಗಿನವರೆಗೆ ಓದಿದರು. ಟ್ರೇ ಮುಟ್ಟಲಿಲ್ಲ, ಬಾಗಿ ನೋಡಿದರು.

"ನಿನ್ನ ಅತ್ತೆ ಒಳಗೆ ಬರುವುದಿಲ್ಲವಾ?"

"ಇಲ್ಲ ಟೀಚರೇ. ಈ ಕೋಣೆ ತಿಕ್ಕಿ ತೊಳೆದವರು ಅವರೇ. ಮೀನಿನ ಕೈ ಅಂತ ಹೇಳಿ ಆಮೇಲೆ ಕಾಲಿಡಲಿಲ್ಲ. ನಾವು ಯಾರೂ ಬೇಡ ಅಂದಿಲ್ಲ, ಅವರೇ."

ಟೀಚರ್ ಟ್ರೇಯಿಂದ ತಲೆ ಎತ್ತಿದರು. "ಅಕ್ಕನಿಗೆ ಇನ್ನು ಬೇಡವಂತೆ. ಓಣಿಯಲ್ಲಿ ಎರಡು ಮನೆಯವರು ಬೇಕು ಅಂದಿದ್ದಾರೆ," ಎಂದರು. "ನನಗೊಂದು ಈಗಲೇ ಕೊಡು."

ಬಿಸಿ ಆರದ ಒಂದು ಸಣ್ಣ ಕೇಕನ್ನು ಕಾಗದದಲ್ಲಿಟ್ಟು ಕೊಟ್ಟೆ. ಅವರು ಅದನ್ನು ಹಿಡಿದು ಹೊರಗೆ ಹೋಗಿ, ಮಾಮಿಯ ಪಕ್ಕದ ಮೆಟ್ಟಿಲ ಮೇಲೆ ಕುಳಿತರು. ಮಾಮಿ ಗಾಬರಿಯಿಂದ ಮೀನಿನ ಪಾತ್ರೆಯನ್ನು ಆಚೆಗೆ ಸರಿಸಿದರು. ಟೀಚರ್ ಕೇಕನ್ನು ಎರಡು ಮಾಡಿ ಒಂದು ತುಂಡನ್ನು ಮಾಮಿಯ ಕಡೆ ಹಿಡಿದರು. ಮಾಮಿ ತಮ್ಮ ಎರಡೂ ಅಂಗೈಗಳನ್ನು ತೋರಿಸಿದರು, ಬೆಳ್ಳಗೆ ಮೀನಿನ ಹುರುಪೆ ಮೆತ್ತಿದ ಕೈಗಳು.

"ಬಾಯಿ ತೆಗೆಯಿರಿ," ಎಂದರು ಟೀಚರ್.

ಮಾಮಿ ಬಾಯಿ ತೆಗೆದರು. ಟೀಚರ್ ತುಂಡನ್ನು ಅವರ ಬಾಯಿಗಿಟ್ಟು, ಅದೇ ಕೈಯಲ್ಲಿ ಉಳಿದ ಅರ್ಧವನ್ನು ತಾವು ತಿಂದರು. ನಾನು ಬಾಗಿಲಲ್ಲಿ ನಿಂತು ಅಳುತ್ತಿದ್ದೆ. ಮುಖ ಮುಟ್ಟಿದರೆ ಗ್ಲೌಸ್ ಬದಲಿಸಬೇಕು ಎಂದು ನಿಯಮ. ಎರಡು ಜೊತೆ ಬದಲಿಸಬೇಕಾಯಿತು.